ಕ್ರೆಡಿಟ್ ಅನಲಿಸ್ಟ್ ರೆಸ್ಯೂಮೆ ಕುರಿತ ನಿಮ್ಮ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಬ್ಯಾಂಕಿನ ಕ್ರೆಡಿಟ್ ಅನಲಿಸ್ಟ್ ಹುದ್ದೆಗೆ ರೆಸ್ಯೂಮೆ ಬರೆಯುವ ಬಗೆಯನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆ ಶುದ್ಧವಾಗಿದೆ, ಓದಿಸಿಕೊಂಡೂ ಹೋಗುತ್ತದೆ. ಆದರೆ ಕ್ರೆಡಿಟ್ ಅನಲಿಸ್ಟ್ ಎಂಬ ಪದವನ್ನು ತೆಗೆದು ಬೇರಾವುದೇ ಹುದ್ದೆಯ ಹೆಸರನ್ನು ಅಲ್ಲಿ ಕೂರಿಸಿದರೂ ಲೇಖನದ ಮುಕ್ಕಾಲು ಪಾಲು ಹಾಗೆಯೇ ನಿಲ್ಲುತ್ತದೆ.

ಈ ರೆಸ್ಯೂಮೆಯನ್ನು ಓದುವವರು ಯಾರೆಂಬುದನ್ನು ನೀವು ಮರೆತಿದ್ದೀರಿ. ಸಾಲ ಕೇಳಿ ಬಂದವರ ಲೆಕ್ಕಪತ್ರಗಳಲ್ಲಿ ಹೇಳಿರುವುದಕ್ಕೂ ನಿಜವಾಗಿ ಇರುವುದಕ್ಕೂ ಎಷ್ಟು ಅಂತರವಿದೆ ಎಂದು ಹುಡುಕುವುದೇ ಅವರ ನಿತ್ಯದ ಕೆಲಸ. ಅಭ್ಯರ್ಥಿಯ ರೆಸ್ಯೂಮೆಯನ್ನೂ ಅವರು ಅದೇ ಕಣ್ಣಿನಿಂದ ನೋಡುತ್ತಾರೆ: ದಿನಾಂಕಗಳ ನಡುವೆ ಲೆಕ್ಕಕ್ಕೆ ಸಿಗದ ತಿಂಗಳುಗಳಿವೆಯೇ, ಹುದ್ದೆಯ ಹೆಸರಿಗೂ ಕೆಲಸದ ವಿವರಕ್ಕೂ ತಾಳೆಯಾಗುತ್ತದೆಯೇ, ಅಂಕಿಗಳಿಗೆ ಆಧಾರವಿದೆಯೇ ಎಂದು. ನೀವು ಮಾದರಿಯಾಗಿ ಕೊಟ್ಟಿರುವ ‘ಉತ್ತಮ ವಿಶ್ಲೇಷಣಾ ಸಾಮರ್ಥ್ಯವುಳ್ಳ ಪರಿಶ್ರಮಿ’ ಎಂಬ ಸಾಲು ಅಂಥವರ ಮುಂದೆ ಜಾಮೀನಿಲ್ಲದ ಮಾತು. ಅಭ್ಯರ್ಥಿ ಆ ಕೆಲಸವನ್ನು ಮಾಡಿದ್ದಾರೆಂದುಕೊಂಡು ಅದನ್ನು ಹೀಗೆ ಬರೆದು ನೋಡಿ: ‘ಸಣ್ಣ ತಯಾರಿಕಾ ಘಟಕಗಳ ದುಡಿಯುವ ಬಂಡವಾಳದ ಅರ್ಜಿಗಳನ್ನು ತಿಂಗಳಿಗೆ ಸುಮಾರು 8ರಂತೆ ಪರಿಶೀಲಿಸಿದ್ದೇನೆ. ಒಂದು ಅರ್ಜಿಯಲ್ಲಿ ಮಾರಾಟ ಶೇ 10ರಷ್ಟು ಏರಿದ್ದರೆ ಗ್ರಾಹಕರಿಂದ ಬರಬೇಕಾದ ಬಾಕಿ ಶೇ 40ರಷ್ಟು ಏರಿತ್ತು. ಹಳೆಯ ಬಾಕಿಗಳನ್ನು ಹೊರಗಿಟ್ಟು ಸಾಲದ ಮಿತಿಯನ್ನು ಇಳಿಸಲು ಶಿಫಾರಸು ಮಾಡಿದೆ. ಮಂಜೂರಾತಿ ಸಮಿತಿ ಅದನ್ನು ಒಪ್ಪಿತು.’ ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಆದರೂ ಕಾಗದದ ಮೇಲೆ ಲಾಭವಿದ್ದು ಕೈಗೆ ನಗದು ಬಾರದ ಸ್ಥಿತಿಯನ್ನು ಈ ವ್ಯಕ್ತಿ ಗುರುತಿಸಬಲ್ಲರು, ಗುರುತಿಸಿದ ಮೇಲೆ ಒಂದು ತೀರ್ಮಾನಕ್ಕೂ ಬರಬಲ್ಲರು ಎಂಬುದು ಓದಿದವರಿಗೆ ತಿಳಿಯುತ್ತದೆ.

ಮಂಜೂರಾದ ಸಾಲದ ಒಟ್ಟು ಮೊತ್ತವನ್ನೇ ದೊಡ್ಡ ಸಾಧನೆಯೆಂದು ಮುಂದಿಡಿ ಎಂಬ ನಿಮ್ಮ ಸಲಹೆಯನ್ನು ನಾನು ಒಪ್ಪಲಾರೆ. ಅನಲಿಸ್ಟ್ ಒಬ್ಬರ ಬೆಲೆ ತಿಳಿಯುವುದು ಅವರು ಯಾವ ಸಾಲವನ್ನು ತಡೆದರು, ಯಾವುದಕ್ಕೆ ಎಂಥ ಷರತ್ತು ಹಾಕಿದರು ಎಂಬುದರಿಂದ. ಹಾಗೆಯೇ ಸಾಲ ಪಡೆದ ಸಂಸ್ಥೆಗಳ ಹೆಸರನ್ನು ನಮೂದಿಸಲು ಹೇಳಿರುವ ಸಾಲನ್ನು ದಯವಿಟ್ಟು ತೆಗೆದುಹಾಕಿ. ಗ್ರಾಹಕರ ಗುಟ್ಟನ್ನು ರೆಸ್ಯೂಮೆಯಲ್ಲಿಯೇ ಬಿಟ್ಟುಕೊಡುವವರನ್ನು ಯಾವ ಬ್ಯಾಂಕೂ ನಂಬುವುದಿಲ್ಲ. ಉದ್ಯಮದ ಬಗೆ ಮತ್ತು ಗಾತ್ರ ತಿಳಿಸಿದರೆ ಸಾಕು.

ಡಿಎಸ್‌ಸಿಆರ್ (ಡೆಟ್ ಸರ್ವಿಸ್ ಕವರೇಜ್ ರೇಶಿಯೋ) ಎಂದರೆ ಸಾಲಕ್ಕೂ ಸ್ವಂತ ಬಂಡವಾಳಕ್ಕೂ ಇರುವ ಅನುಪಾತ ಎಂದು ಬರೆದಿದ್ದೀರಿ. ಅದು ತಪ್ಪು. ಸಾಲದ ಕಂತು ಕಟ್ಟುವ ಶಕ್ತಿಯನ್ನು ಅಳೆಯುವ ಅನುಪಾತ ಅದು. ವರ್ಷಕ್ಕೆ ಕಟ್ಟಬೇಕಾದ ಅಸಲು ಮತ್ತು ಬಡ್ಡಿ ಸೇರಿ 100 ಆಗಿದ್ದು, ಅದನ್ನು ಕಟ್ಟಲು ಒದಗುವ ಹಣ 125 ಇದ್ದರೆ ಡಿಎಸ್‌ಸಿಆರ್ 1.25 ಆಗುತ್ತದೆ, 1ಕ್ಕಿಂತ ಕೆಳಗಿಳಿದರೆ ಕಂತು ಕಟ್ಟಲು ದುಡಿಮೆ ಸಾಲದು ಎಂದರ್ಥ. ಕೌಶಲಗಳ ಪಟ್ಟಿಗೆ, ಕಂಪನಿಯೊಂದು ದಿವಾಳಿಯಾಗುವ ಸಂಭವವನ್ನು ಅಂದಾಜು ಮಾಡುವ ಆಲ್ಟ್‌ಮನ್ ಝಡ್ ಸ್ಕೋರ್ ಸೇರಿಸಲು ಹೇಳುವಾಗಲೂ ಓದುಗರನ್ನು ಎಚ್ಚರಿಸಬೇಕಿತ್ತು. 1968ರಲ್ಲಿ ಎಡ್ವರ್ಡ್ ಆಲ್ಟ್‌ಮನ್ ಅದನ್ನು ರೂಪಿಸಿದ್ದು ಷೇರುಪೇಟೆಯಲ್ಲಿದ್ದ ತಯಾರಿಕಾ ಕಂಪನಿಗಳ ಲೆಕ್ಕಗಳನ್ನು ಇಟ್ಟುಕೊಂಡು. ಖಾಸಗಿ ವ್ಯಾಪಾರ ಸಂಸ್ಥೆಯೊಂದಕ್ಕೆ ಅದು ಹಾಗೆಯೇ ಹೊಂದುತ್ತದೆಯೇ ಎಂದು ಸಂದರ್ಶನದಲ್ಲಿ ಕೇಳಿದರೆ ಉತ್ತರಿಸಲಾಗದವರು ಅದನ್ನು ಪಟ್ಟಿಯಲ್ಲಿ ಬರೆಯದಿರುವುದೇ ಲೇಸು.

ಅಕ್ಷರದ ಗಾತ್ರ ಮತ್ತು ಅಂಚುಗಳ ಬಗ್ಗೆ ಇರುವ ಮೂರು ಪ್ಯಾರಾಗಳು ಎರಡು ವಾಕ್ಯಗಳಿಗೆ ಇಳಿಯಲಿ.

ಉಳಿದ ಜಾಗವನ್ನು ಹೊಸಬರಿಗೆ ಕೊಡಿ. ಅನುಭವವಿಲ್ಲದವರು ಏನು ಬರೆಯಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ, ನಿಮ್ಮ ಲೇಖನವನ್ನು ಹುಡುಕಿಕೊಂಡು ಬರುವವರು ಮುಖ್ಯವಾಗಿ ಅವರೇ. ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಗಳು ಎಲ್ಲರಿಗೂ ಸಿಗುತ್ತವೆ. ಒಂದು ಕಂಪನಿಯ 3 ವರ್ಷಗಳ ವರದಿಯನ್ನು ಓದಿ, ಲಾಭವನ್ನೂ ನಗದು ಹರಿವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ, ಕೊನೆಯ ಟಿಪ್ಪಣಿಗಳಲ್ಲಿ ಸಣ್ಣ ಅಕ್ಷರದಲ್ಲಿರುವ ಸಂಭಾವ್ಯ ಹೊಣೆಗಳನ್ನು ಹೆಕ್ಕಿ ತೆಗೆದು, ಸಾಲ ಕೊಡಬಹುದೇ ಬೇಡವೇ ಎಂದು 2 ಪುಟದ ಟಿಪ್ಪಣಿ ಬರೆದವರಿಗೆ ರೆಸ್ಯೂಮೆಯಲ್ಲಿ ಹೇಳಿಕೊಳ್ಳಲು ನಿಜವಾದ ಕೆಲಸವೊಂದು ಸಿಕ್ಕಿತು. ಅಂಥ ಟಿಪ್ಪಣಿಯೊಂದನ್ನು ಮೊದಲು ನೀವೇ ಬರೆಯಿರಿ, ಅದರಿಂದ ರೆಸ್ಯೂಮೆಗೆ ಬರುವ ಎರಡು ಸಾಲು ಯಾವುವೆಂದು ತೋರಿಸಿ, ಲೇಖನವನ್ನು ಅಲ್ಲಿಂದಲೇ ಆರಂಭಿಸಿ ಕಳುಹಿಸಿ. ಆ ಪ್ರತಿಯನ್ನು ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ