ಓದುಗರ ಪ್ರಶ್ನೆ: ಎಂಟು ಮೂಲೆಯ ಕೈಗಡಿಯಾರವನ್ನು ಮನೆಯಲ್ಲೇ ಕಟ್ಟುವುದು

ಪ್ರಶ್ನೆ: ಸ್ವಿಟ್ಜರ್ಲೆಂಡಿನ ಆಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್ ಕೈಗಡಿಯಾರದ ಆಕಾರ ನನಗೆ ಬಹಳ ಇಷ್ಟ, ಕೊಳ್ಳುವ ಶಕ್ತಿಯಂತೂ ಇಲ್ಲ. ಗೆಳೆಯರ ವರ್ಕ್‌ಶಾಪಿನಲ್ಲಿ ಲೇತ್ ಇರುವುದರಿಂದ ಅದೇ ಧಾಟಿಯ ಗಡಿಯಾರವೊಂದನ್ನು ನಾನೇ ಕಟ್ಟಬೇಕೆಂದಿದ್ದೇನೆ. ಮನೆಯಲ್ಲಿರುವ ಹಳೆಯ ಎಚ್‌ಎಂಟಿ ಜನತಾದ ಮಷೀನ್ ಬಳಸಲೇ, ಕೈಯ ಅಲುಗಾಟದಿಂದ ತಾನೇ ಕೀ ತುಂಬಿಕೊಳ್ಳುವ ಹೊಸ ಜಪಾನಿ ಆಟೊಮ್ಯಾಟಿಕ್ ತರಿಸಲೇ? ಬೆಜೆಲ್ (ಗಾಜಿನ ಸುತ್ತಲಿನ ಚೌಕಟ್ಟು) ಮೇಲಿನ ತಿರುಪುಗಳನ್ನು ಅಂದಕ್ಕಾಗಿ ಅಂಟಿಸಿದರೆ ಸಾಲದೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಸಾಲದು. ಜೆರಾಲ್ಡ್ ಜೆಂಟಾ ವಿನ್ಯಾಸಗೊಳಿಸಿ 1972ರಲ್ಲಿ ಹೊರಬಂದ ಆ 39 ಮಿ.ಮೀ. ಉಕ್ಕಿನ ಗಡಿಯಾರದಲ್ಲಿ ಎಂಟು ತಿರುಪುಗಳು ಅಲಂಕಾರವಲ್ಲ. ಬೆಜೆಲ್, ಅದರ ಕೆಳಗಿನ ಗ್ಯಾಸ್ಕೆಟ್ (ನೀರು ತಡೆಯುವ ಪಟ್ಟಿ) ಮತ್ತು ಕೇಸ್ ಮೂರನ್ನೂ ಒಟ್ಟಿಗೆ ಹಿಡಿದಿರುವುದು ಅವೇ. ಅದರ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಎಲ್ಲ ತಿರುಪುಗಳ ಸೀಳುಗಳೂ ಒಂದೇ ವೃತ್ತದ ಜಾಡಿನಲ್ಲಿ ಕೂತಿರುವುದು ಕಾಣುತ್ತದೆ. ಸಾಮಾನ್ಯ ತಿರುಪನ್ನು ಬಿಗಿ ಮಾಡಿದಾಗ ಸೀಳು ಯಾವ ದಿಕ್ಕಿಗೆ ನಿಲ್ಲುತ್ತದೆಂದು ಹೇಳಲಾಗದು. ಇಲ್ಲಿ ಆರು ಮುಖದ ತಲೆಗಳು ಆರು ಮುಖದ ಗುಳಿಗಳಲ್ಲೇ ಕೂರುವುದರಿಂದ ಅವು ತಿರುಗುವುದೇ ಇಲ್ಲ, ಬಿಗಿಯುವ ಕೆಲಸವೆಲ್ಲ ಹಿಂಬದಿಯಿಂದ ನಡೆಯುತ್ತದೆ. ಅಷ್ಟು ಚಿಕ್ಕ ಆರು ಮುಖದ ಗುಳಿ ತೋಡುವುದು ನಿಮ್ಮ ಲೇತಿನಿಂದ ಆಗದ ಮಾತು. ದುಂಡು ತಲೆಯ ತಿರುಪನ್ನೇ ಹಾಕಿ, ಮುಂದಿನಿಂದ ಸ್ಕ್ರೂಡ್ರೈವರಿನಲ್ಲಿ ಸೀಳನ್ನು ಬೇಕಾದ ದಿಕ್ಕಿಗೆ ಹಿಡಿದುಕೊಂಡು ಹಿಂದಿನಿಂದ ನಟ್ ಬಿಗಿದರೆ ಫಲ ಅದೇ. ಅಂಟಿಸಿದ ತಿರುಪು ಗಡಿಯಾರವನ್ನು ಆಟದ ಸಾಮಾನು ಮಾಡಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ಕೇಸಿಗೆ ಉಕ್ಕಿನ ಹಟ ಬೇಡ, ಹಿತ್ತಾಳೆ ಸಾಕು. 38 ಮಿ.ಮೀ. ವ್ಯಾಸದ ಬಿಲ್ಲೆಯೊಳಗೆ ಎಂಟು ಮೂಲೆ ಗುರುತಿಸಲು ಕೈವಾರವನ್ನು 14.5 ಮಿ.ಮೀ.ಗೆ ತೆರೆದು ಅಂಚಿನ ಮೇಲೆ ಸುತ್ತ ಹೆಜ್ಜೆ ಹಾಕಬೇಕು. ಅರ ಹಾಕಿ ಮುಗಿದಾಗ ಎದುರುಬದುರು ಬದಿಗಳ ನಡುವೆ ಸುಮಾರು 35.1 ಮಿ.ಮೀ. ಉಳಿಯಬೇಕು. ತೂತುಗಳನ್ನು ಮೂಲೆಗೊಂದರಂತೆ 33 ಮಿ.ಮೀ. ವ್ಯಾಸದ ವೃತ್ತದ ಮೇಲೆ ಕೊರೆಯಿರಿ. ಅಕ್ಕಪಕ್ಕದ ತೂತುಗಳ ಅಂತರ 12.6 ಮಿ.ಮೀ. ಬರುತ್ತದೆ. ತಿರುಪುಗಳು ಮೂಲೆಗಳಲ್ಲಿದ್ದು ಮೂರು ಗಂಟೆಯ ಕಡೆ ಚಪ್ಪಟೆ ಬದಿ ಬಂದರೆ, ಕೀ ಕೊಡುವ ಕಡ್ಡಿಯ ದಾರಿಗೆ ಯಾವ ತಿರುಪೂ ಅಡ್ಡ ಬರುವುದಿಲ್ಲ. ಕೊನೆಗೆ ಎಮೆರಿ ಕಾಗದವನ್ನು ಗಾಜಿನ ಮೇಲೆ ಹಾಸಿ, ಬೆಜೆಲ್ಲಿನ ಮೇಲ್ಮೈಯನ್ನು ಒಂದೇ ದಿಕ್ಕಿಗೆ ಎಳೆಯಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಗೆರೆಗಳು ಕಲಸಿಹೋಗುತ್ತವೆ. ಆ ಮೇಲ್ಮೈಗೆ ಟೇಪು ಅಂಟಿಸಿದ ಬಳಿಕವೇ ಇಳಿಜಾರಿನ ಅಂಚುಗಳಿಗೆ ಪಾಲಿಶ್ ಮಾಡಿ. ಮಂಕು ಮುಖವೂ ಹೊಳೆವ ಅಂಚೂ ಸೇರುವ ಗೆರೆ ಚೂಪಾಗಿರಬೇಕು. ಈ ವಿನ್ಯಾಸದ ಅಂದದ ಬಹುಪಾಲು ಅಲ್ಲಿದೆ.

ಇನ್ನು ಮಷೀನ್. ಸುಲಭವಾಗಿ ಸಿಗುವ, ಜಪಾನಿನ ಸೀಕೋ ಕಂಪನಿಯ ಎನ್‌ಎಚ್‌35 ಎಂಬ ಆಟೊಮ್ಯಾಟಿಕ್ ಮಷೀನ್ ಗಂಟೆಗೆ 21,600 ಬಾರಿ ಮಿಡಿಯುತ್ತದೆ, ಪೂರ್ತಿ ಕೀ ಇದ್ದರೆ ಸುಮಾರು 41 ಗಂಟೆ ನಡೆಯುತ್ತದೆ. ಆದರೆ ಅದರ ದಪ್ಪವೇ 5.32 ಮಿ.ಮೀ. ಮೂಲ ರಾಯಲ್ ಓಕ್‌ನ 2121 ಯಂತ್ರ ಆಟೊಮ್ಯಾಟಿಕ್ ಆಗಿದ್ದರೂ 3.05 ಮಿ.ಮೀ. ಮಾತ್ರ. ಆದ್ದರಿಂದ ಎನ್‌ಎಚ್‌35 ಹಾಕಿದರೆ ಆ ತೆಳುವನ್ನು ಮರೆಯಬೇಕಾಗುತ್ತದೆ. ಜನತಾದ ಯಂತ್ರ ಕೈಯಿಂದ ಕೀ ಕೊಡುವಂಥದ್ದು. ಆಟೊಮ್ಯಾಟಿಕ್‌ಗಳಲ್ಲಿ ಕೀ ತುಂಬುವ ತಿರುಗುವ ತೂಕ ಇದರಲ್ಲಿ ಇಲ್ಲದ್ದರಿಂದ ತೆಳ್ಳಗಿರುತ್ತದೆ. ನಿಮ್ಮ ಉದ್ದೇಶಕ್ಕೆ ನನ್ನ ಮತ ಅದಕ್ಕೇ. ಆದರೆ ಮನೆಯದು ಚೆನ್ನಾಗಿ ನಡೆಯುತ್ತಿದ್ದರೆ ದಯವಿಟ್ಟು ಅದನ್ನು ಬಿಚ್ಚಬೇಡಿ. ಕೇಸ್ ಸವೆದು ಡಯಲ್ ಕೆಟ್ಟ ಇನ್ನೊಂದನ್ನು ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಗಡಿಯಾರಗಳ ತಯಾರಿಕೆ ಶುರುವಾದದ್ದು 1961ರಲ್ಲಿ. ಆ ಯಂತ್ರಗಳನ್ನು ಕೈಯಾರೆ ಬಲ್ಲ ರಿಪೇರಿಗಾರರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.

ಪ್ರಶ್ನೆ: ನಾನೂ ಇಂಥದ್ದೇ ಒಂದನ್ನು ಕಟ್ಟುತ್ತಿದ್ದೇನೆ. ಡಯಲ್ ಮೇಲೆ ಆ ಕಂಪನಿಯ ಹೆಸರು ಮುದ್ರಿಸಿದರೆ ತಪ್ಪೇ? – ಶಿವಮೊಗ್ಗದ ಓದುಗರು

ಉತ್ತರ: ಮುದ್ರಿಸಬೇಡಿ. ಸುಳ್ಳು ಟ್ರೇಡ್‌ಮಾರ್ಕ್ ಹೊತ್ತ ಸರಕನ್ನು ಮಾರುವುದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡವಿದೆ. ಮಾರುವ ಉದ್ದೇಶ ಇಂದು ಇಲ್ಲದಿದ್ದರೂ ಗಡಿಯಾರ ಮುಂದೆ ಯಾರ ಕೈ ಸೇರುವುದೋ ತಿಳಿಯದು. ನಿಮ್ಮ ಹೆಸರನ್ನೇ, ಬೇಕಿದ್ದರೆ ಕನ್ನಡದಲ್ಲೇ, ಹಾಕಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಕಟ್ಟಿದ ಗಡಿಯಾರ ನೀರು ತಡೆಯುತ್ತದೆಯೇ? – ಉಡುಪಿಯ ಓದುಗರು

ಉತ್ತರ: ಮಷೀನ್ ಕೂರಿಸುವ ಮೊದಲೇ ಪರೀಕ್ಷಿಸಿ. ಖಾಲಿ ಕೇಸಿನೊಳಗೆ ಟಿಶ್ಯೂ ಕಾಗದದ ಚೂರಿಟ್ಟು, ಎದುರುಬದುರಿನ ನಟ್‌ಗಳನ್ನು ಜೋಡಿಯಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಲೋಟದ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಕಾಗದ ಒಣಗಿಯೇ ಇದ್ದರೆ ಮಳೆಹನಿಗೆ ಭಯವಿಲ್ಲ. ಈಜಲು ಮಾತ್ರ ಕಟ್ಟಿಕೊಂಡು ಹೋಗಬೇಡಿ. ಒದ್ದೆಯಾಗಿದ್ದರೆ ಮೊದಲು ಕೀ ಕಡ್ಡಿಯ ತೂತನ್ನು ಅನುಮಾನಿಸಿ, ಬೆಜೆಲ್ಲನ್ನು ಆಮೇಲೆ.