‘ವರ್ಟಿಗೋ’ ಸಂಗೀತ ತಲೆಯಿಂದ ಇಳಿಯುವುದಿಲ್ಲ ಯಾಕೆ?

ಹಿಚ್‌ಕಾಕ್‌ನ ‘ವರ್ಟಿಗೋ’ (1958; ಹೆಸರಿನ ಅರ್ಥ ತಲೆಸುತ್ತು) ಸಿನಿಮಾ ನೋಡಿ ವಾರವಾಯಿತು, ಸಂಗೀತ ಇನ್ನೂ ಕಾಡುತ್ತಿದೆ, ಆದರೆ ಗುನುಗೋಣವೆಂದರೆ ಒಂದು ಧಾಟಿಯೂ ನೆನಪಿಗೆ ಬರುವುದಿಲ್ಲ ಎಂದು ಕೇಳಿದ್ದೀರಿ. ಗುನುಗಲು ಬಾರದಿರುವುದರಲ್ಲೇ ಉತ್ತರವಿದೆ. ಸಂಗೀತ ಬರೆದ ಬರ್ನಾರ್ಡ್ ಹರ್ಮನ್‌ಗೆ ಉದ್ದನೆಯ ಧಾಟಿಗಳ ಮೇಲೆ ನಂಬಿಕೆ ಕಡಿಮೆ. ನಾಲ್ಕಾರು ಸ್ವರದ ತುಣುಕು ಹಿಡಿದು ಅದನ್ನೇ ತಿರುಗಿಸುತ್ತಾ ಹೋಗುವುದು ಅವನ ರೀತಿ.

ಟೈಟಲ್ ಸಂಗೀತವನ್ನೇ ತೆಗೆದುಕೊಳ್ಳಿ. ಕೀಬೋರ್ಡ್‌ನಲ್ಲಿ ಕಪ್ಪು ಎರಡನ್ನು (ಸಿ ಯಿಂದ ಎಣಿಸಿದರೆ ಎರಡನೇ ಕಪ್ಪು ಮನೆ) ಷಡ್ಜ ಮಾಡಿಕೊಂಡು ಕಪ್ಪು ಮೂರು, ಕಪ್ಪು ಐದು, ಅದರ ಮೇಲಿನ ಬಿಳಿ ಎರಡು ಒತ್ತಿ. ಷಡ್ಜ (ಸ), ಸಾಧಾರಣ ಗಾಂಧಾರ (ಗ), ಪಂಚಮ (ಪ), ಕಾಕಲಿ ನಿಷಾದ (ನಿ). ಕೀರವಾಣಿ ರಾಗ ಬಲ್ಲವರಿಗೆ ನಾಲ್ಕೂ ಪರಿಚಯದವೇ. ಆದರೆ ಕೀರವಾಣಿಯಲ್ಲಿ ಆ ನಿಷಾದ ಷಡ್ಜದ ಕಡೆ ವಾಲಿ ಕೊನೆಗೆ ಅಲ್ಲಿ ಕೂರುತ್ತದೆ. ಇಲ್ಲಿ ಸ್ವರವನ್ನು ಓಲಾಡಿಸುವ ಗಮಕವೂ ಇಲ್ಲ, ಕೂರುವ ಮಾತೂ ಇಲ್ಲ.

ಈಗ ಕಪ್ಪು-ಬಿಳಿ ಎಲ್ಲ ಸೇರಿಸಿ ಮನೆ ಎಣಿಸಿ. ಗಾಂಧಾರದಿಂದ ಪಂಚಮಕ್ಕೆ ನಾಲ್ಕು ಮನೆ, ಪಂಚಮದಿಂದ ನಿಷಾದಕ್ಕೆ ನಾಲ್ಕು, ನಿಷಾದದಿಂದ ಮೇಲಿನ ಗಾಂಧಾರಕ್ಕೂ ನಾಲ್ಕೇ. ಸಮದೂರದಲ್ಲಿ ಸುತ್ತು ಹೊಡೆಯುವ ಮೂರು ಸ್ವರ. ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬುದು ಕಿವಿಗೆ ಸಿಗುವುದಿಲ್ಲ. ಕಾಲಿಡಲು ಇರುವ ನೆಲ ಕೆಳಗಿನ ಷಡ್ಜ ಒಂದೇ. ಅದಕ್ಕೂ ಅರ್ಧ ಸ್ವರದಷ್ಟು, ಅಂದರೆ ಒಂದು ಮನೆ, ತಪ್ಪಿದ ನಿಷಾದ ಮೇಲಿನಿಂದ ಉಜ್ಜುತ್ತಲೇ ಇರುತ್ತದೆ. ಸಾಲ್ ಬಾಸ್ ಮಾಡಿದ ಟೈಟಲ್‌ನಲ್ಲಿ ತೆರೆಯ ಮೇಲೆ ಸುರುಳಿಗಳು ತಿರುಗುತ್ತಿರುತ್ತವಲ್ಲ, ಕಿವಿಗೆ ಬೀಳುವುದೂ ಸುರುಳಿಯೇ.

ಅದೇ ತಂತ್ರವನ್ನು ಕೈಯಲ್ಲಿ ಹಿಡಿಯಲು ಒಂದು ಸರಳ ಅಭ್ಯಾಸ: ತಿಶ್ರ ನಡೆಯಲ್ಲಿ (ಎಣಿಕೆಗೆ ಮೂರು ಸ್ವರ) ಎಡಗೈಗೆ ಸ-ಗ-ಪ-ನಿ-ಪ-ಗ, ಬಲಗೈಗೆ ನಿ-ಪ-ಗ-ಸ-ಗ-ಪ. ಒಂದು ಹತ್ತುವಾಗ ಇನ್ನೊಂದು ಇಳಿಯಬೇಕು. (ಹಾರ್ಮೋನಿಯಂನಲ್ಲಿ ಆಗದು, ಒಂದು ಕೈ ತಿದಿಗೇ ಹೋಗುತ್ತದೆ.) ಸಾಮಾನ್ಯವಾಗಿ ಕೆಡುವುದು ಮೂರು ಕಡೆ. ಅಭ್ಯಾಸಬಲದಿಂದ ಷಡ್ಜಕ್ಕೆ ಬಂದು ನಿಂತರೆ ಅಲ್ಲಿಗೆ ತಲೆಸುತ್ತು ನಿಂತಂತೆ. ಕಾಕಲಿಯ ಬದಲು ಒಂದು ಮನೆ ಕೆಳಗಿನ ಕೈಶಿಕಿ ನಿಷಾದಕ್ಕೆ ಬೆರಳು ಜಾರಿದರೆ ಹೋಟೆಲ್ ಲಾಬಿಯ ಪಿಯಾನೋದಂತೆ ಹಿತವಾಗಿಬಿಡುತ್ತದೆ. ಬೇಕೆಂದೇ ಒಮ್ಮೆ ಹಾಗೆ ನುಡಿಸಿ ನೋಡಿ, ಭಯ ಎಲ್ಲಿತ್ತೆಂದು ತಿಳಿಯುತ್ತದೆ. ಮೂರನೆಯದು ಬೆರಳೆತ್ತಿದರೂ ನಾದ ಉಳಿಸುವ ಸಸ್ಟೇನ್ ಪೆಡಲ್. ಅದನ್ನು ಒತ್ತಿಹಿಡಿದರೆ ಎರಡು ಚಲನೆಗಳೂ ಕಲಸಿ ಮುದ್ದೆಯಾಗುತ್ತವೆ.

ಎತ್ತರದಿಂದ ಕೆಳಗೆ ನೋಡುವ ಶಾಟ್‌ಗಳಲ್ಲಿ ಉಪಾಯ ಇನ್ನೂ ಒರಟು: ಹರ್ಮನ್ ಅರ್ಧ ಸ್ವರ ಅಂತರದ ಎರಡು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಂಪುಗಳನ್ನು) ಒಂದರ ಮೇಲೊಂದು ಹೇರಿ, ಹಾರ್ಪ್ ತಂತಿಗಳ ಮೇಲೆ ಬೆರಳು ಸರ್ರನೆ ಎಳೆಸುತ್ತಾನೆ. ಕಥೆಯಲ್ಲಿ ನಾಯಕಿಯನ್ನು ಕಾಡುತ್ತಾಳೆನ್ನುವ ಸತ್ತ ಹೆಂಗಸು ಕಾರ್ಲೋಟಾಳ ಚಿತ್ರಪಟದ ಮುಂದೆ ಕೇಳುವುದು ಹಬನೇರಾ ಎಂಬ ಕ್ಯೂಬಾದ ಕುಣಿತದ ಲಯ. ಎಂಟು ಎಣಿಕೆಯನ್ನು 3+1+2+2 ಎಂದು ಒಡೆದು ತಟ್ಟಿ, ಸಿಗುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಜೂಡಿ ಎಂಬಾಕೆ ಹಸಿರು ಬೆಳಕಿನಲ್ಲಿ, ನಾಯಕ ಕಳೆದುಕೊಂಡ ಮ್ಯಾಡಲೀನ್ ಆಗಿ ಹೊರಬರುವ ದೃಶ್ಯ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಹೊರೆಯೆಲ್ಲ ಸಂಗೀತದ್ದು. ಪಿಟೀಲುಗಳ ಕುದುರೆಗೆ (ತಂತಿ ಹೊರುವ ಮರದ ತುಂಡಿಗೆ) ನಾದ ತಗ್ಗಿಸುವ ಮ್ಯೂಟ್ ಸಿಕ್ಕಿಸಲಾಗಿದೆ, ಹೊಳಪು ಹೋಗಿ ನಾದ ಪರದೆಯ ಹಿಂದಿನಿಂದ ಬಂದಂತಿದೆ. ಪ್ರತಿ ಸಾಲೂ ಮೇಲೇರಿ, ಕೆಳಗಿನ ಕಾರ್ಡ್‌ಗೆ ಸೇರದ ಸ್ವರವೊಂದರ ಮೇಲೆ ತಡೆದು ನಿಲ್ಲುತ್ತದೆ. ಅದು ಒಂದು ಮೆಟ್ಟಿಲು ಇಳಿದು ಸೇರಿಕೊಳ್ಳುವ ಹೊತ್ತಿಗೆ ಕೆಳಗಿನ ಕಾರ್ಡೇ ಬದಲಾಗಿರುತ್ತದೆ. ಈ ಕಾಯಿಸುವ ವಿದ್ಯೆ ವಾಗ್ನರ್‌ನ ‘ಟ್ರಿಸ್ಟಾನ್ ಮತ್ತು ಇಸೋಲ್ಡ’ (1865) ಒಪೆರಾದಿಂದ ಬಂದದ್ದು. ಹರ್ಮನ್ ಸಾಲವನ್ನು ಮುಚ್ಚಿಡುವ ಗೋಜಿಗೂ ಹೋಗಿಲ್ಲ. ಸತ್ತವಳನ್ನು ಇನ್ನೊಬ್ಬಳಲ್ಲಿ ಹುಡುಕುವವನ ಕಥೆಗೆ, ಸೇರಬೇಕಾದಲ್ಲಿ ಸೇರದ ಸ್ವರಕ್ಕಿಂತ ಸರಿಯಾದದ್ದು ಯಾವುದಿದೆ?

ಕೇಳುವಾಗ ಹೆಡ್‌ಫೋನ್ ಹಾಕಿ, ಟೈಟಲ್ ಭಾಗವನ್ನು ಎರಡು ಸಲ ಕೇಳಿ: ಮೊದಲು ಹತ್ತುವ ಸಾಲಿನ ಹಿಂದೆ ಹೋಗಿ, ಆಮೇಲೆ ಇಳಿಯುವುದರ ಹಿಂದೆ. ಅಮೆರಿಕದಲ್ಲಿ ವಾದ್ಯಗಾರರ ಮುಷ್ಕರವಿದ್ದುದರಿಂದ ಧ್ವನಿಮುದ್ರಣ ಮ್ಯೂರ್ ಮ್ಯಾಥಿಸನ್ ನಿರ್ದೇಶನದಲ್ಲಿ ಲಂಡನ್‌ನಲ್ಲಿ ಶುರುವಾಗಿ ವಿಯೆನ್ನಾದಲ್ಲಿ ಮುಗಿಯಿತು. ಲಂಡನ್ನಿನದು ಸ್ಟೀರಿಯೊ, ವಿಯೆನ್ನಾದ್ದು ಮೊನೊ. ನಡುವೆ ಥಟ್ಟನೆ ನಾದ ಕಿರಿದಾದಂತೆ ಕೇಳಿದರೆ ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ.