ಸರ್ವರ್ ಚಾಲೂ ಇದೆ, ಟಾಮ್‌ಕ್ಯಾಟ್ ಹ್ಯಾಂಗ್ ಆಗಿದೆ: ಪೇಸ್‌ಮೇಕರ್ ಯಾಕೆ ಫೇಲ್‌ಓವರ್ ಮಾಡುವುದಿಲ್ಲ?

ಶಿರಸಿಯ ಸೊಸೈಟಿಯಲ್ಲಿ ಪೇಸ್‌ಮೇಕರ್ (ಒಂದು ಸರ್ವರ್‌ನಲ್ಲಿ ಕೆಟ್ಟ ಕೆಲಸವನ್ನು ಇನ್ನೊಂದಕ್ಕೆ ಸಾಗಿಸುವ, ಅಂದರೆ ಫೇಲ್‌ಓವರ್ ಮಾಡುವ ತಂತ್ರಾಂಶ) ನೋಡಿಕೊಳ್ಳುವ ಎರಡು ಸರ್ವರ್‌ಗಳ ಕ್ಲಸ್ಟರ್ ಇದೆ, ಅಡಿಕೆ ಟೆಂಡರ್ ಹೊತ್ತಿಗೇ ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ತಂತ್ರಾಂಶ) ಹ್ಯಾಂಗ್ ಆಗುತ್ತದೆ, ಆದರೂ ಎರಡನೇ ಸರ್ವರ್‌ಗೆ ಹೋಗುವುದಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಕಾನ್ಫಿಗ್‌ನಲ್ಲಿ ಟಾಮ್‌ಕ್ಯಾಟ್ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡುವ, ನಿಲ್ಲಿಸುವ ವ್ಯವಸ್ಥೆ) ರಿಸೋರ್ಸ್ ಆಗಿದೆ. ಅದು ನೋಡುವುದು ಪ್ರೊಸೆಸ್ ಇದೆಯೋ ಇಲ್ಲವೋ ಅಷ್ಟೇ. ಉತ್ತರ ಬರುತ್ತಿದೆಯೋ ಎಂದು ಅದು ಕೇಳುವುದೇ ಇಲ್ಲ.

ಅದನ್ನು ತೆಗೆದು ಓಸಿಎಫ್‌ನ (ಕ್ಲಸ್ಟರ್‌ಗೆಂದೇ ಬರೆದ ಸ್ಕ್ರಿಪ್ಟ್‌ಗಳ ಮಾದರಿ) ಟಾಮ್‌ಕ್ಯಾಟ್ ಏಜೆಂಟ್ ಹಾಕಿ, ಅದು ತೆರೆದು ನೋಡುವ ವಿಳಾಸವಾದ ಸ್ಟೇಟಸ್‌ಯುಆರ್‌ಎಲ್‌ಗೆ ನಿಮ್ಮ ಅಪ್ಲಿಕೇಶನ್‌ನದೇ ಒಂದು ಸಣ್ಣ ಪುಟ ಕೊಡಿ. ಆ ಪುಟ ಡೇಟಾಬೇಸ್ ಮುಟ್ಟಬಾರದು. ಮುಟ್ಟಿದರೆ, ಡೇಟಾಬೇಸ್ ಬಿದ್ದ ದಿನ ಎರಡೂ ಸರ್ವರ್ ಫೇಲ್ ಎಂದೇ ಲೆಕ್ಕ, ಅಪ್ಲಿಕೇಶನ್ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತದೆ. ಮಾನಿಟರ್ ಇಂಟರ್‌ವಲ್ 20 ಸೆಕೆಂಡ್, ಟೈಮ್‌ಔಟ್ 15, ಸ್ಟಾಪ್‌ಗೆ ಧಾರಾಳವಾಗಿ 120. ಎರಡೂ ಕಡೆ ಸಿಸ್ಟಮ್‌ಡಿಯಲ್ಲಿ ಟಾಮ್‌ಕ್ಯಾಟ್ ಡಿಸೇಬಲ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಬೂಟ್ ಆದಾಗ ಎರಡರಲ್ಲೂ ಎದ್ದು ಕೂರುತ್ತದೆ.

ಇಷ್ಟಾದರೂ ಜಾಗ ಬದಲಾಗುವುದಿಲ್ಲ! ಮೈಗ್ರೇಷನ್-ಥ್ರೆಶೋಲ್ಡ್ (ಎಷ್ಟು ಸಲ ಫೇಲ್ ಆದರೆ ಜಾಗ ಬದಲಿಸಬೇಕು ಎಂಬ ಮಿತಿ) ಡಿಫಾಲ್ಟ್ ಇನ್‌ಫಿನಿಟಿ, ಹಾಗಾಗಿ ಅದೇ ಸರ್ವರ್‌ನಲ್ಲೇ ರೀಸ್ಟಾರ್ಟ್ ಮಾಡುತ್ತಾ ಕೂರುತ್ತದೆ. ಅದನ್ನು 2 ಇಡಿ, ಫೇಲ್ಯೂರ್-ಟೈಮ್‌ಔಟ್ (ಹಳೆಯ ಫೇಲ್ ಮರೆಯುವ ಅವಧಿ) 10 ನಿಮಿಷ ಇಡಿ. ಇಲ್ಲದಿದ್ದರೆ ಹಳೆಯ ಫೇಲ್‌ಕೌಂಟ್ (ಫೇಲ್ ಆದ ಲೆಕ್ಕ) ಕೈಯಾರೆ ಕ್ಲೀನಪ್ ಮಾಡುವ ತನಕ ಉಳಿದು, ಮೊದಲ ಸರ್ವರ್‌ಗೆ ವಾಪಸ್ ಬರುವ ದಾರಿಯೇ ಮುಚ್ಚಿರುತ್ತದೆ. ಒಟ್ಟಿಗೆ ಸಾಗುವ ರಿಸೋರ್ಸ್‌ಗಳ ಗ್ರೂಪ್‌ನಲ್ಲಿ ಕ್ರಮ: ಫೈಲ್‌ಸಿಸ್ಟಮ್, ವರ್ಚುವಲ್ ಐಪಿ (ಸರ್ವರ್ ಬದಲಾದರೂ ಜೊತೆಗೇ ಹೋಗುವ ವಿಳಾಸ), ಕೊನೆಗೆ ಟಾಮ್‌ಕ್ಯಾಟ್.

ಪರೀಕ್ಷೆಗೆ ಸರ್ವರ್ ಆಫ್ ಮಾಡಬೇಡಿ, ಅದು ಬೇರೆಯದೇ ಪರೀಕ್ಷೆ. ಜಾವಾ ಪ್ರೊಸೆಸ್‌ಗೆ ಕಿಲ್ ಕಮಾಂಡ್‌ನಿಂದ ಸ್ಟಾಪ್ ಸಿಗ್ನಲ್ ಕಳಿಸಿ. ಪ್ರೊಸೆಸ್ ಪಟ್ಟಿಯಲ್ಲಿ ಇರುತ್ತದೆ, 8080 ಪೋರ್ಟ್‌ಗೆ ಕನೆಕ್ಷನ್ ಕೂಡ ಆಗುತ್ತದೆ (ಅದನ್ನು ಹಿಡಿಯುವುದು ಕರ್ನಲ್), ಉತ್ತರ ಮಾತ್ರ ಬರುವುದಿಲ್ಲ. ನಿಮ್ಮಲ್ಲಿ ಆಗುತ್ತಿರುವ ಹ್ಯಾಂಗ್‌ಗೆ ಹತ್ತಿರದ್ದು ಇದು. ಪೋರ್ಟ್ ಮಾತ್ರ ನೋಡುವ ಚೆಕ್ ಇಲ್ಲಿ ಮೋಸ ಹೋಗುತ್ತದೆ. ಸುಮಾರು 35 ಸೆಕೆಂಡ್ ಒಳಗೆ ಮಾನಿಟರ್ ಫೇಲ್ ಆಗಬೇಕು. ಮೊದಲ ಸಲ ಅಲ್ಲೇ ರೀಸ್ಟಾರ್ಟ್, ಎರಡನೇ ಸಲಕ್ಕೆ ಜಾಗ ಬದಲು.

ಸ್ಟಾಪ್ ಫೇಲ್ ಆದರೆ ಪೇಸ್‌ಮೇಕರ್ ಆ ಸರ್ವರನ್ನು ಫೆನ್ಸ್ ಮಾಡುತ್ತದೆ, ಅಂದರೆ ಬಲವಂತವಾಗಿ ಆಫ್ ಅಥವಾ ರೀಬೂಟ್ ಮಾಡುತ್ತದೆ. ಸ್ಟೋನಿತ್ (ಪೇಸ್‌ಮೇಕರ್‌ನಲ್ಲಿ ಫೆನ್ಸಿಂಗ್‌ನ ಹೆಸರು) ಆಫ್ ಮಾಡಿದ್ದರೆ ರಿಸೋರ್ಸ್ ಬ್ಲಾಕ್ ಆಗಿ ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಆನ್ ಮಾಡಿ. ನಿಮ್ಮ ಕಡೆಯ ಮಳೆಗಾಲಕ್ಕೆ ಐಪಿಎಂಐ (ಸರ್ವರ್ ಒಳಗೇ ಇರುವ, ದೂರದಿಂದ ಆಫ್-ಆನ್ ಮಾಡುವ ವ್ಯವಸ್ಥೆ) ಒಂದನ್ನೇ ನಂಬಬೇಡಿ: ಒಂದು ಸರ್ವರ್‌ನ ಯುಪಿಎಸ್ ಕೈಕೊಟ್ಟರೆ ಅದರ ಐಪಿಎಂಐ ಕೂಡ ಸಾಯುತ್ತದೆ, ಫೆನ್ಸಿಂಗ್ ಖಚಿತವಾಗದೆ ಫೇಲ್‌ಓವರ್ ಅಲ್ಲೇ ಕಾಯುತ್ತದೆ. ಬೇರೆ ಯುಪಿಎಸ್ ಮೇಲಿರುವ, ನೆಟ್‌ವರ್ಕ್‌ನಿಂದ ಸ್ವಿಚ್ ಮಾಡಬಹುದಾದ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪ್ಲಗ್ ಪಟ್ಟಿ) ಒಂದನ್ನು ಎರಡನೇ ಫೆನ್ಸಿಂಗ್ ಲೆವೆಲ್ ಆಗಿ ಸೇರಿಸಿ.